ದೊಡ್ಡಗದ್ದವಳ್ಳಿಯ ಗೋಡೆಗೆ ನಾನು ಬಳಿಸಿದ ಸುಣ್ಣ

ಸರ್ಕಾರಿ ಕೆಲಸದಲ್ಲಿ ಸೋಮಾರಿಯಿಂದ ಅಷ್ಟೇನೂ ಅಪಾಯವಿಲ್ಲ. ಹೇಳದ ಕೆಲಸವನ್ನೂ ಮಾಡಿ ಮುಗಿಸುವವನಿದ್ದಾನಲ್ಲ, ಅವನಿಗೆ ಹೆದರಬೇಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಏಕೆಂದರೆ ಅವನು ನಾನೇ.

ಮಹಾರಾಜರ ಕಾಲದಲ್ಲಿ ನಾನು ಹಾಸನದ ಕಡೆ ಶೇಕ್ದಾರನಾಗಿದ್ದೆ. ಕಂದಾಯ ವಸೂಲಿ, ಬದುವಿನ ಜಗಳ ಇಷ್ಟರಲ್ಲೇ ನೆಮ್ಮದಿಯಾಗಿದ್ದವನ ಕೊರಳಿಗೆ ಅಮಲ್ದಾರರು ಒಂದು ದಿನ ಚಿತ್ರಕಲೆಯನ್ನು ಕಟ್ಟಿದರು. ರಾಜಮನೆತನದ ಅರಸಿನವರೊಬ್ಬರಿಗೆ ನೀರುಬಣ್ಣದ ಹುಚ್ಚಂತೆ. ದೊಡ್ಡಗದ್ದವಳ್ಳಿಯಲ್ಲಿ ಕೂತು ಬರೆಯುತ್ತಾರಂತೆ. "ಒಂದು ಲೋಪವಾದರೂ ನಿಮ್ಮ ಬಡ್ತಿಯ ಕಾಗದ ನನ್ನ ಮೇಜಿನಲ್ಲೇ ಕೊಳೆಯುತ್ತೆ, ನೋಡಿ" ಎಂದರು. ಆ ಕಾಗದಕ್ಕಾಗಿ ನಾನು ಆರು ವರ್ಷ ಕಾದಿದ್ದೆ.

ಅರಸಿನವರು ಬಂದವರೇ ಲಕ್ಷ್ಮೀದೇವಿಗೆ ಕೈಮುಗಿದು, ಅಷ್ಟು ಚೆಂದದ ಗುಡಿಗೆ ಬೆನ್ನುಹಾಕಿ ಕೂತು, ಎದುರಿಗಿದ್ದ, ಕಾಳಮ್ಮ ಎಂಬ ಊರ ಹೆಂಗಸಿನ ಕೊಟ್ಟಿಗೆ ಗೋಡೆಯನ್ನು ನೋಡತೊಡಗಿದರು. ಮಣ್ಣುದುರಿ, ಪಾಚಿ ಕಟ್ಟಿ, ಅಲ್ಲಲ್ಲಿ ಬೆರಣಿ ತಟ್ಟಿದ್ದ ಗೋಡೆ. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಆಕಾಶ, ಮರ, ಗುಡ್ಡೆಯಂಥದ್ದೊಂದು ಮೂಡಿದ್ದವು. ಸುಮ್ಮನಿರಲಾರದೆ, "ಗುಡಿ ಗೋಪುರ ಬಹಳ ಚೆನ್ನಾಗಿ ಬಂದಿದೆ, ಬುದ್ಧಿ" ಎಂದೆ.

"ಅದು ಹುಲ್ಲಿನ ಬಣವೆ" ಎಂದರು ಅರಸಿನವರು, ಬೇಸರವಿಲ್ಲದೆ. "ಗೋಡೆ ಒಂದು ಬಾಕಿ. ಮುಂದಿನ ವಾರ ಅದಕ್ಕೇ ಬರ್ತೀನಿ."

ಅರಮನೆಯವರು ಗೋಡೆ ನೋಡಲೆಂದೇ ಬರುತ್ತಾರೆ! ದೊಡ್ಡವರು ಬರುವಾಗ ಸುಣ್ಣ ಹೊಡೆಸುವುದು ನಮ್ಮ ಇಲಾಖೆಯ ಮಡಿ. ಆಳುಗಳನ್ನು ಕರೆಸಿದೆ. ಕಾಳಮ್ಮ ಅಡ್ಡ ನಿಂತಳು. "ಬ್ಯಾಡ ಕಣ್ ಸಾ. ಬುದ್ಯೋರು ಆ ಪಾಚೀನೇ ಗಳಿಗೆಗಟ್ಲೆ ನೋಡ್ತಿದ್ರು. ನಾನೇ ಬೆರಣಿ ಕೀಳ್ದೆ ಅಂಗೇ ಬುಟ್ಟಿವ್ನಿ."

"ಚಿತ್ರಕಲೆ ನಿನಗೇನು ಗೊತ್ತಮ್ಮ!" ಎಂದು ಗದರಿದೆ. ಬಣವೆಯನ್ನು ಗೋಪುರ ಎಂದವನು ನಾನು. ಎರಡು ಸಲ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಗೋಡೆ ಮದುವೆಮನೆಯಂತಾಯಿತು.

ಅರಸಿನವರು ಬಂದು, ಬಣ್ಣದ ಪೆಟ್ಟಿಗೆ ತೆರೆದು, ತಲೆಯೆತ್ತಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಶೇಕ್ದಾರ್ರೇ, ನನ್ನ ಗೋಡೆ ಎಲ್ಲಿ?"

ನನ್ನ ಆರು ವರ್ಷದ ಬಡ್ತಿ ಕೆರೆ ಏರಿ ದಾಟಿ ಓಡುವುದು ಕಂಡಿತು. ಬಾಯಿಬಿಟ್ಟವಳು ಕಾಳಮ್ಮನೇ. "ಒಳಗೇ ಅದೆ, ಬುದ್ಧಿ. ಎಲ್ಡು ಮಳೆ ಉಯ್ದ್ರೆ ಈಚಿಗ್ ಬತ್ತದೆ. ಅವರ್ನ ಬಯ್ಬ್ಯಾಡಿ, ಪಾಪ."

ಅರಸಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಗದದಲ್ಲಿ ಗೋಡೆಗೆಂದು ಬಿಟ್ಟಿದ್ದ ಖಾಲಿ ಜಾಗದ ಕೆಳಗೊಂದು ಕೆಂಪು ಗೀಟೆಳೆದು ಕುಂಚ ತೊಳೆದರು. "ನೀರುಬಣ್ಣದಲ್ಲಿ ನಾವು ಬಿಳಿ ಬಳಿಯೋದಿಲ್ಲ, ಕಾಗದಾನ ಹಾಗೇ ಬಿಡ್ತೀವಿ. ನನಗೆ ಕೆಲಸಾನೇ ಉಳಿಸಲಿಲ್ಲವಲ್ಲ ನೀವು" ಎಂದು ಚಿತ್ರವನ್ನು ನನ್ನ ಕೈಗೇ ಕೊಟ್ಟರು.

ಬಡ್ತಿಯೂ ಬಂತು, ಚನ್ನರಾಯಪಟ್ಟಣಕ್ಕೆ. "ಅರಸಿನವರು ಚಿತ್ರ ಬರೆಯಲು ಹೋಗದ ಊರನ್ನೇ ಹುಡುಕಿ ನಿಮ್ಮನ್ನು ಹಾಕಿದೀನಿ" ಎಂದರು ಅಮಲ್ದಾರರು.

ಚಿತ್ರ ಈಗ ನಮ್ಮ ನಡುಮನೆಯಲ್ಲಿದೆ. ಬಂದವರಿಗೆಲ್ಲ, ಇದರಲ್ಲಿ ಅರಸಿನವರ ಜೊತೆ ನನ್ನ ಕೈಕೆಲಸವೂ ಇದೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಹುಡುಕುತ್ತಾರೆ. ಕಾಫಿ ತರುವ ನನ್ನ ಹೆಂಡತಿ ಪ್ರತಿಸಲವೂ ಅವರಿಗೆ ದಾರಿ ತೋರಿಸುತ್ತಾಳೆ.

"ಏನೂ ಇಲ್ಲದ ಜಾಗ ಕಾಣ್ತಿದೆಯಲ್ಲ, ಅದು ಇವರದು."