ಮೂರು ವಿಭೂತಿ ಪಟ್ಟೆಯ ಕಾರು ಮತ್ತು ಇಲಾಖೆಯ ವಿಮಾನ

ಗಗನ ವೇಗ ವೀಕ್ಷಣಾ ಇಲಾಖೆ
(ಸಿಯಾಟಲ್ ಹಾಗೂ ಸುತ್ತಲಿನ ಹೆದ್ದಾರಿಗಳ ಮೇಲ್ಭಾಗ)

ಸಂಖ್ಯೆ: ಗವೇವೀ/ಮೋಡ/ವಿಭೂತಿ/4
ದಿನಾಂಕ: ಆಯುಧಪೂಜೆಯ ನಂತರದ ಎರಡನೇ ಸೋಮವಾರ

ಸುತ್ತೋಲೆ

ವಿಷಯ: ಅತಿವೇಗದ ಕಾರುಗಳನ್ನು ವಿಮಾನದಿಂದ ಪತ್ತೆ ಹಚ್ಚುವಾಗ, ಮಾಡಿನ ಮೇಲೆ ವಿಭೂತಿ ಧರಿಸಿದ ಕಾರುಗಳ ವಿಚಾರದಲ್ಲಿ ಅನುಸರಿಸಬೇಕಾದ ಕ್ರಮ ಹಾಗೂ ಡುವಾಲ್ ನಿವಾಸಿ ಶ್ರೀ ಈರಬಸಪ್ಪನವರ ತಪ್ಪೊಪ್ಪಿಗೆಯನ್ನು ಅಂಗೀಕರಿಸುವ ಕುರಿತು.

ಉಲ್ಲೇಖ:
1) ಗಗನ ವೀಕ್ಷಕರ ವರದಿ (ಮೋಡಕ್ಕೆ ಮುಂಚೆ).
2) ಅದೇ ವೀಕ್ಷಕರ ವರದಿ (ಮೋಡದ ನಂತರ).
3) ಗಸ್ತು ಕಾರಿನ ಧ್ವನಿಮುದ್ರಣ. ಭಾಷಾಂತರ: ಶ್ರೀ ಕಶ್ಯಪ್, ಮೂಲತಃ ಮೈಸೂರು. (ಉತ್ತರ ಕರ್ನಾಟಕದ ಮಾತಾದ್ದರಿಂದ ಇವರು ಎರಡು ಸಲ ಕೇಳಿಸಿಕೊಂಡಿರುತ್ತಾರೆ.)

ಪ್ರಸ್ತಾವನೆ:

ಆಯುಧಪೂಜೆಯ ದಿನ ಡುವಾಲ್‌ನ ಒಂದೇ ಅಂಗಳದಲ್ಲಿ ನಾಲ್ಕು ಕುಟುಂಬಗಳು ತಮ್ಮ ನಾಲ್ಕು ಕಾರುಗಳಿಗೆ ಪೂಜೆ ಸಲ್ಲಿಸಿದವು. ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಚರ್ಚಿಸಿ ಒಟ್ಟಿಗೇ ಕೊಂಡವಾದ್ದರಿಂದ ನಾಲ್ಕೂ ಒಂದೇ ಮಾದರಿಯವು, ನಾಲ್ಕೂ ಕಡುನೀಲಿ. ಹಿರಿಯರಾದ ಶ್ರೀಮತಿ ಬಸವ್ವನವರು ವಿಭೂತಿಯನ್ನು ನೀರಲ್ಲಿ ಕಲಸಿ, ಸ್ಟೂಲು ಹತ್ತಿ, ನಾಲ್ಕೂ ಕಾರುಗಳ ಮಾಡಿನ ಮೇಲೆ ಮೂರು ಮೂರು ಅಡ್ಡಪಟ್ಟೆ ಎಳೆದರು. ಬಾನೆಟ್ ಬಿಟ್ಟು ಮಾಡಿಗೇಕೆ ಎಂದು ವಿಚಾರಿಸಲಾಗಿ, "ಶಿವಾ ನೋಡೂದು ಮ್ಯಾಲಿಂದರಿ. ಬಾನೆಟ್ಟಿಗೆ ಹಚ್ಚಿದ್ರ ಅವಗ ಕಾಣೂದು ಹೆಂಗ?" ಎಂದು ಮರುಪ್ರಶ್ನೆ ಹಾಕಿರುತ್ತಾರೆ. ಮೇಲಿನಿಂದ ಇಲಾಖೆಯೂ ನೋಡುತ್ತಿರುವುದು ಅವರ ಗಮನಕ್ಕೆ ಬಂದಿರಲಿಲ್ಲ.

ಪೂಜೆ ಮುಗಿಸಿ ಎಲ್ಲರೂ ಮರ್ಸರ್ ಐಲ್ಯಾಂಡಿನ ಶ್ರೀ ದ್ವಾರಕಾನಾಥರ ಮನೆಗೆ ಊಟಕ್ಕೆ ಹೊರಟರು. ಊಟದ ಪಾತ್ರೆಗಳು ಈರಬಸಪ್ಪನವರ ಮಗಳು ತ್ರಿವೇಣಿಯ ಕಾರಿನಲ್ಲಿದ್ದವು. ಊಟ ಮಾಡುವ ಇತರ ಅತಿಥಿಗಳು ಆಗಲೇ ಮರ್ಸರ್ ಐಲ್ಯಾಂಡಿನಲ್ಲಿದ್ದರು. ವಿಮಾನದಿಂದ ವೇಗ ಅಳೆಯಲೆಂದೇ ಹೆದ್ದಾರಿಯ ಮೇಲೆ ಬಳಿದಿರುವ ಎರಡು ಬಿಳಿ ಗುರುತುಗಳ ನಡುವೆ ಮೂರು ಪಟ್ಟೆಯ ಕಾರೊಂದು ಗಂಟೆಗೆ ತೊಂಬತ್ತೊಂದು ಮೈಲಿ ವೇಗದಲ್ಲಿ ಧಾವಿಸಿದ್ದನ್ನು ಗಗನ ವೀಕ್ಷಕರು ಅಳೆದರು. ಅಷ್ಟರಲ್ಲಿ ಮೋಡವೊಂದು ಪೂರ್ವಾನುಮತಿ ಪಡೆಯದೆ ಅಡ್ಡ ಬಂತು. ಮೋಡ ಸರಿದಾಗ ಮೂರು ಪಟ್ಟೆಯ ಕಾರು ಕೆಳಗೇ ಇತ್ತು. ಅದನ್ನೇ ಹಿಡಿಯುವಂತೆ ರಸ್ತೆಯ ಬದಿಯಲ್ಲಿ ನಿಂತಿದ್ದ ಗಸ್ತು ಅಧಿಕಾರಿಗೆ ವೈರ್‌ಲೆಸ್ ಮೂಲಕ ಸೂಚಿಸಲಾಯಿತು. ಸದರಿ ಕಾರು ತಮ್ಮ ಬಳಿ ಬಂದು ತಲುಪುವವರೆಗೆ ಅಧಿಕಾರಿ ಬಹಳ ಹೊತ್ತು ಕಾಯಬೇಕಾಯಿತು.

ಚಾಲಕರು ಶ್ರೀ ಈರಬಸಪ್ಪ, ನಿವೃತ್ತ ಎಂಜಿನಿಯರ್, ಮೂಲತಃ ಗದಗ. ಪಕ್ಕದಲ್ಲಿ ಅವರ ಪತ್ನಿ ಬಸವ್ವ. ಧ್ವನಿಮುದ್ರಣದಲ್ಲಿ ಈ ಕೆಳಕಂಡಂತೆ ಕೇಳಿಬಂದಿರುತ್ತದೆ:

ಬಸವ್ವ: "ತೊಂಬತ್ತೊಂದಾ? ಇವರಾ? ಅಯ್ಯ ಶಿವನ, ಈಗರೆ ಒಬ್ಬ ಸೈಕಲ್ಲಿನಾಂವ ನಮಗ ಟಾಟಾ ಮಾಡಿ ಮುಂದ ಹ್ವಾದ!"
ಈರಬಸಪ್ಪ: "ಏ, ಸುಮ್ನ ಕೂಡು. ಹೊಡದಾಂವ ನಾನು. ನಿನಗೇನ್ ಗೊತ್ತು, ನೀ ತೂಕಡಸ್ತಿದ್ದಿ."
ಬಸವ್ವ: "ಮತ್ತ ಆಗ ಬಾಜೂಕ ಭರ್ ಅಂತ ಹೋದಾಕಿ ನಮ್ಮ ತ್ರಿವೇ..."
ಈರಬಸಪ್ಪ: "ಹೋದಾಕಿ ಯಾರೂ ಇಲ್ಲ! ಯೆಸ್ ಸರ್. ಐ ಡ್ರೈವ್ ವೆರಿ ಫಾಸ್ಟ್ ಸರ್. ಡೈಲಿ."

ಶ್ರೀಮತಿ ತ್ರಿವೇಣಿಯವರ ಮೇಲೆ ಈಗಾಗಲೇ ಅತಿವೇಗದ ಎರಡು ಪ್ರಕರಣಗಳಿದ್ದು, ಮೂರನೆಯದಾದರೆ ಲೈಸೆನ್ಸ್ ಅಮಾನತಾಗುತ್ತದೆ. ಕಾರಿಲ್ಲದೆ ಡುವಾಲ್‌ನಿಂದ ರೆಡ್ಮಂಡಿನ ಕಚೇರಿಗೆ ಹೋಗಿಬರುವುದಾಗಲಿ, ಕೆಲಸ ಉಳಿಸಿಕೊಳ್ಳುವುದಾಗಲಿ ಸುಲಭವಲ್ಲ. ಈ ಅಂಶಕ್ಕೂ ಪ್ರಕರಣಕ್ಕೂ ಯಾವ ಸಂಬಂಧವೂ ಇಲ್ಲವೆಂದು ಈರಬಸಪ್ಪನವರು ಯಾರೂ ಕೇಳದೆಯೇ ಪದೇಪದೇ ತಿಳಿಸಿರುತ್ತಾರೆ.

ವಿಚಾರಣೆಯ ದಿನ ತ್ರಿವೇಣಿಯವರು ಎದ್ದು ನಿಂತು, "ಅಪ್ಪಾ, ಸಾಕು ಮಾಡು ನಿನ್ನ ನಾಟಕ. ಸರ್, ಆಕ್ಚುಲಿ ಆ ಕಾರ್ ಡ್ರೈವ್ ಮಾಡ್ತಿದ್ದಿದ್ದು..." ಎನ್ನುವಷ್ಟರಲ್ಲಿ ಈರಬಸಪ್ಪನವರಿಗೆ ಕೆಮ್ಮು ಬಂದು, ಊಟದ ಬಿಡುವಿನವರೆಗೂ ನಿಲ್ಲಲಿಲ್ಲ. ಆಕೆಯ ಮಾತು ಪೂರ್ತಿಯಾಗಿ ಕೇಳಿಸಿದಲ್ಲಿ ವಿಮಾನ ತಪ್ಪು ಕಾರನ್ನು ಹಿಡಿಯಿತೆಂದು ಒಪ್ಪಬೇಕಾಗುತ್ತಿತ್ತು. ಆದಕಾರಣ ವಿಚಾರಣಾಧಿಕಾರಿಗಳೂ ಕೆಮ್ಮಿದರು.

ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ, ಸಂಬಂಧಪಟ್ಟ ಸಕಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ವಿಮಾನವು ತಪ್ಪು ಮಾಡುವುದಿಲ್ಲ. ತಪ್ಪು ಕಂಡುಬಂದಲ್ಲಿ ಅದನ್ನು ಮೋಡದ ಲೆಕ್ಕಕ್ಕೆ ಹಾಕತಕ್ಕದ್ದು.

2. ಮೋಡ ಕವಿದ ದಿನ ಅತಿವೇಗದಲ್ಲಿ ಹೋಗಲಿಚ್ಛಿಸುವವರು ತಮ್ಮ ಆತುರವನ್ನು ಆಕಾಶ ತಿಳಿಯಾಗುವವರೆಗೆ ಮುಂದೂಡತಕ್ಕದ್ದು. ಈ ಊರಿನಲ್ಲಿ ಅದು ಮುಂದಿನ ಬೇಸಿಗೆಯಾದರೂ ಸರಿಯೇ.

3. ಒಂದೇ ಅಂಗಳದಿಂದ ಹೊರಡುವ ಕಾರುಗಳು ಒಂದೇ ಬಗೆಯ ವಿಭೂತಿ ಧರಿಸುವಂತಿಲ್ಲ. ಉದ್ದನಾಮ ಹಾಕುವ ಕುಟುಂಬಗಳು ಅದು ರಸ್ತೆಯ ಬಿಳಿ ಗೆರೆಗಿಂತ ಭಿನ್ನವಾಗಿ ಕಾಣುವಂತೆ ಎಚ್ಚರ ವಹಿಸತಕ್ಕದ್ದು. ತಪ್ಪಿದಲ್ಲಿ ಕಾರನ್ನು ರಸ್ತೆಯೆಂದೇ ಪರಿಗಣಿಸಿ, ಅದರ ಮೇಲೆ ಹಾದುಹೋಗುವ ಇತರ ವಾಹನಗಳ ವೇಗವನ್ನು ಅಳೆಯಲಾಗುವುದು.

4. ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವವರು ಹಣ್ಣು ಅಪ್ಪಚ್ಚಿಯಾಗುವಷ್ಟು ವೇಗವನ್ನು ಮಾತ್ರ ಬಳಸತಕ್ಕದ್ದು. ಅದೇ ವೇಗವನ್ನು ಪ್ರಯಾಣದುದ್ದಕ್ಕೂ ಕಾಯ್ದುಕೊಂಡಲ್ಲಿ ಇಲಾಖೆಯ ಅಭ್ಯಂತರವಿರುವುದಿಲ್ಲ.

5. "ಮ್ಯಾಲೆ ಮಾವ ಬಂದಾನ, ಸ್ಲೋ ಹೊಡೀರಿ" ಎಂಬ ಸಂದೇಶ ಪಕ್ಕದ ಶೋರ್‌ಲೈನ್ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿರುವುದು ಗಮನಕ್ಕೆ ಬಂದಿದೆ. ಇಂಥ ಸಂದೇಶಗಳನ್ನು ವಿಮಾನ ಕೆಳಗಿಳಿದ ನಂತರವೇ ಕಳುಹಿಸತಕ್ಕದ್ದು. ಇಲಾಖೆಯು ಯಾರಿಗೂ ಮಾವನಲ್ಲ.

6. ಒಬ್ಬ ಚಾಲಕನನ್ನು ಹಿಡಿಯಲು ಒಂದು ವಿಮಾನ, ಇಬ್ಬರು ಸಿಬ್ಬಂದಿ, ಕೆಳಗೆ ನಾಲ್ಕು ಗಸ್ತು ಕಾರು ಬೇಕೇ ಎಂದು ಕೆಲವರು ಕೇಳಿರುತ್ತಾರೆ. ಈ ಪ್ರಶ್ನೆಯನ್ನು ವಿಮಾನಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳತಕ್ಕದ್ದು. ಉತ್ತರ ಬಂದಲ್ಲಿ ತಿಳಿಸಲಾಗುವುದು.

7. ಈರಬಸಪ್ಪನವರ ಸಾಮರ್ಥ್ಯವನ್ನು ಖಚಿತಪಡಿಸಿಕೊಳ್ಳಲು ಮರುಪರೀಕ್ಷೆ ನಡೆಸಲಾಯಿತು. ಅವರು ಹಲ್ಲು ಕಚ್ಚಿ, ಬೆವರಿ, ಇಷ್ಟದೈವವನ್ನು ನೆನೆದು ಆಕ್ಸಲರೇಟರ್ ತುಳಿದಿರುತ್ತಾರೆ. ಆದರೂ ಅಷ್ಟು ನಿಧಾನವಾಗಿ ಹಾರಿದರೆ ಬಿದ್ದುಹೋಗುವ ಭೀತಿಯಿಂದ ವಿಮಾನವು ಅವರ ಸುತ್ತ ಗಿರಕಿ ಹೊಡೆಯುತ್ತಲೇ ಇರಬೇಕಾಯಿತು. ಗಗನ ವೀಕ್ಷಕರಿಗೆ ತಲೆಸುತ್ತು ಬಂದ ಕಾರಣ ಪರೀಕ್ಷೆಯನ್ನು ಕೈಬಿಡಲಾಗಿದೆ. ವೀಕ್ಷಕರ ತಲೆ ಸುತ್ತಿಸಿದ ವಾಹನವು ವೇಗದ್ದೇ ಆಗಿರಬೇಕೆಂದು ತೀರ್ಮಾನಿಸಲಾಗಿದೆ.

8. ಆದ್ದರಿಂದ ಸದರಿಯವರ ತಪ್ಪೊಪ್ಪಿಗೆಯನ್ನು ಅಂಗೀಕರಿಸಲಾಗಿದೆ. ತ್ರಿವೇಣಿಯವರ ಲೈಸೆನ್ಸ್ ಯಥಾಸ್ಥಿತಿಯಲ್ಲಿ ಮುಂದುವರಿಯುವುದು. ಈರಬಸಪ್ಪನವರು, ಅವರ ಚಾಲನೆಯನ್ನು ಕಂಡವರು ಏನೇ ಹೇಳಲಿ, ನಿಧಾನವಾಗಿ ಕಾರು ಓಡಿಸುವುದನ್ನು ಕಲಿಸುವ ಶನಿವಾರದ ತರಗತಿಗೆ ಹಾಜರಾಗತಕ್ಕದ್ದು.

9. ಸದರಿಯವರನ್ನು ತರಗತಿಗೆ ಮಗಳೇ ಕರೆತರತಕ್ಕದ್ದು. ತರಗತಿ ಮುಗಿಯುವವರೆಗೆ ಆಕೆ ಹಿಂದಿನ ಬೆಂಚಿನಲ್ಲಿ, ಫೋನ್ ಆಫ್ ಮಾಡಿಕೊಂಡು ಕೂರತಕ್ಕದ್ದು. ಕೊನೆಯಲ್ಲಿ ನಡೆಯುವ ಪರೀಕ್ಷೆಯನ್ನು ತಂದೆಯ ಬದಲಿಗೆ ಆಕೆ ಬರೆದಲ್ಲಿ ಇಲಾಖೆ ಅದನ್ನು ನೋಡತಕ್ಕದ್ದಲ್ಲ.

(ಸಹಿ/-)
ಉಪ ನಿರ್ದೇಶಕರು
ಮೇಲಿನಿಂದ ನೋಡುವ ವಿಭಾಗ

ಪ್ರತಿ:
1. ಗಗನ ವೀಕ್ಷಕರಿಗೆ, ತಲೆಸುತ್ತು ನಿಂತ ನಂತರ ಓದಿಕೊಳ್ಳಲು.
2. ಶ್ರೀ ಈರಬಸಪ್ಪ, ಡುವಾಲ್, ಅವರಿಗೆ ಅಭಿನಂದನೆಗಳೊಂದಿಗೆ (ಕೊನೆಯ ಪದವನ್ನು ಬೆರಳಚ್ಚಿನ ದೋಷವೆಂದು ತಿಳಿಯತಕ್ಕದ್ದು).
3. ಶ್ರೀಮತಿ ಬಸವ್ವ ಅವರಿಗೆ, ಮಾಹಿತಿಗಾಗಿ ಹಾಗೂ ಮೌನಕ್ಕಾಗಿ.
4. ಶ್ರೀಮತಿ ತ್ರಿವೇಣಿಯವರಿಗೆ ಪ್ರಕರಣದೊಂದಿಗೆ ಯಾವುದೇ ಸಂಬಂಧವಿಲ್ಲದ ಕಾರಣ ಪ್ರತಿ ಕಳುಹಿಸಿರುವುದಿಲ್ಲ. ಅಪ್ಪನ ಪ್ರತಿಯನ್ನು ಎರಡು ಸಲ ಓದಿಕೊಳ್ಳತಕ್ಕದ್ದು.