ಗಾಜಿನ ತೊಟ್ಟಿಯ ನೆಂಟಸ್ತನ

ಬಣ್ಣದ ಮೀನಿನ ಅಂಗಡಿ ತೆರೆದವನ ಹತ್ತಿರ ಜನ ಮೀನು ಕೇಳಿಕೊಂಡು ಬರುತ್ತಾರೆ ಎಂದು ನಾನು ನಂಬಿದ್ದೆ. ಬರುವವರೆಲ್ಲ ಪಂಚಾಯಿತಿಗೇ ಬರುತ್ತಾರೆ. ಯಾವುದು ಯಾವುದರ ಬಾಲ ಕಚ್ಚಿತು, ಯಾರು ಯಾರ ಮರಿ ನುಂಗಿದರು, ಹೊಸದಾಗಿ ಬಂದದ್ದು ಯಾಕೆ ಮೂಲೆ ಸೇರಿ ಕೂತಿದೆ ಎಂಬ ವ್ಯಾಜ್ಯ ವಾರಕ್ಕೆ ಎರಡಾದರೂ ಇದ್ದೇ ಇರುತ್ತದೆ.

ನಾನು ಮಡಕಶಿರಾ ಕಡೆಯವನು. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ವರ್ಷಗಟ್ಟಲೆ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವನು. ಫ್ಯಾಕ್ಟರಿ ಗೇಟಿನ ಎದುರಿಗೆ ಒಂದು ಮೀನಿನ ಅಂಗಡಿಯಿತ್ತು. ಊಟದ ಗಂಟೆಗೆ ಎಲ್ಲರೂ ಡಬ್ಬಿ ಬಿಚ್ಚಿದರೆ ನಾನು ಆ ಅಂಗಡಿಯ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದೆ. ನನಗೆ ಬಂದಿರುವ ವಿದ್ಯೆಯೆಲ್ಲ ಆ ಗಾಜಿನಿಂದ ಬಂದದ್ದು. ನನ್ನ ಹೆಂಡತಿ ಅದೇ ಫ್ಯಾಕ್ಟರಿಯಲ್ಲಿ ಟೈಲರ್, ರಾಯದುರ್ಗದವಳು. ಅವಳ ತಮ್ಮ ಊರಲ್ಲಿ ಜೀನ್ಸ್ ಹೊಲಿಸುವ ಶೆಡ್ ಹಾಕಿದಾಗ ನಾವಿಬ್ಬರೂ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದೆವು. ಅವಳಿಗೆ ಮಷಿನ್ ಸಿಕ್ಕಿತು. ನನಗೆ ಸಿಕ್ಕಿದ್ದು ಹೊಲಿದ ಪ್ಯಾಂಟುಗಳಲ್ಲಿ ಜೋತಾಡುವ ದಾರ ಕತ್ತರಿಸುವ ಕೆಲಸ.

ನಮ್ಮ ಮದುವೆಯ ದಿನ ಈ ಬಾಮೈದನ ಮೂಗು ಒರೆಸಿದವನು ನಾನು. ಅವನ ಕೈಕೆಳಗೆ ಕೂತು ದಾರ ಕತ್ತರಿಸುವುದನ್ನು ನೆನೆದರೇ ಅನ್ನ ಇಳಿಯುತ್ತಿರಲಿಲ್ಲ. ಹಟ ಹಿಡಿದು ಅದೇ ಜೀನ್ಸ್ ಶೆಡ್ಡುಗಳ ಸಾಲಿನ ಕೊನೆಯಲ್ಲೇ ಮೀನಿನ ಅಂಗಡಿ ಇಟ್ಟೆ. ಹೆಂಡತಿ ಒಂದೇ ಮಾತು ಹೇಳಿದಳು: "ದಸರಾ ತನಕ ನೋಡ್ತೀನ್ರಿ. ಅಷ್ಟ್ರಾಗ ಅಂಗಡಿ ನಿಂತ್ರ ನಿಮ್ಮ ಪುಣ್ಯ. ಇಲ್ಲಂದ್ರ ಸುಮ್ನ ಬಂದು ನನ್ನ ತಮ್ಮನ ಶೆಡ್ಡಿನ್ಯಾಗ ದಾರ ಕತ್ತರಿಸ್ರಿ."

ಒಂಟಿ ಕೊಡಬಾರದು

ಮೊದಲ ವಾರದಲ್ಲೇ ಬೆಳುಗುಪ್ಪದಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಗೃಹಪ್ರವೇಶಕ್ಕೆ ಉಡುಗೊರೆ ಬೇಕಿತ್ತು. ಚೊಂಬಿನಷ್ಟೇ ದೊಡ್ಡದಾದ ದುಂಡನೆಯ ಗಾಜಿನ ಪಾತ್ರೆಯೊಂದನ್ನು ಆರಿಸಿಕೊಂಡು, "ಇದರಾಗ ಮೀನು ಬಿಟ್ಟುಕೊಡ್ರಿ" ಎಂದರು.

"ಅಷ್ಟು ಸಣ್ಣದರಲ್ಲಿ ಹೆಚ್ಚು ಬದುಕಲ್ಲಮ್ಮ. ಸ್ವಲ್ಪ ದೊಡ್ಡದು ತಗೊಳ್ಳಿ. ಅದರಲ್ಲೂ ಫೈಟರ್ ಮೀನು ಒಂದೇ ಒಂದು ಬಿಡಬೇಕು."

"ಅಯ್ಯ, ಹೊಸ ಮನಿಗೆ ಒಂಟಿ ಕೊಡ್ತಾರೇನ್ರಿ? ಜೋಡಿ ಹಾಕ್ರಿ."

ಎರಡು ಗಂಡು ಬಿಟ್ಟರೆ ಸಂಜೆಯೊಳಗೆ ಒಂದು ಹೆಣ ಬೀಳುತ್ತದೆ, ಹೆಣ್ಣು ಬಿಟ್ಟರೂ ಅದರ ರೆಕ್ಕೆ ಹರಿದು ಹಾಕುತ್ತದೆ ಎಂದು ವಿವರಿಸಿದೆ. ಅಜ್ಜಿ ಜಗ್ಗಲಿಲ್ಲ. ರವಿಕೆ ಕಣವಾಗಲಿ ತೆಂಗಿನಕಾಯಿಯಾಗಲಿ ಜೋಡಿಯಲ್ಲದೆ ಯಾರ ಮನೆಗೂ ಕೊಟ್ಟವರಲ್ಲ ಅವರು. ಗಿರಾಕಿ ಕೈತಪ್ಪಿದರೆ ದಸರಾ ಹತ್ತಿರವಾದಂತೆ ಎಂದು ನನಗೆ ಭಯ. ಕೊನೆಗೆ ಸ್ವಲ್ಪ ದೊಡ್ಡ ಪಾತ್ರೆಗೆ ಒಂದು ಫೈಟರ್ ಬಿಟ್ಟು, ಜೊತೆಗೆ ಒಂದು ಬಸವನಹುಳು ಇಳಿಸಿದೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇವೇನು ಗಂಡ ಹೆಂಡ್ತಿ ಏನ್ರಿ?"

"ಅಲ್ಲಮ್ಮ. ಒಬ್ಬ ದಿನವಿಡೀ ಮೈಮೇಲೆ ಬಂದವರಂತೆ ಎಗರಾಡುತ್ತಾನೆ. ಇನ್ನೊಬ್ಬರು ಅದನ್ನು ಕಿವಿಗೇ ಹಾಕಿಕೊಳ್ಳದೆ ಮನೆ ಒರೆಸಿಕೊಂಡಿರುತ್ತಾರೆ."

"ಮತ್ತ ಅದನ್ನೇ ಕೇಳಿದ್ದು ನಾನು. ಗಂಡ ಹೆಂಡ್ತೀನೇ ಆತಲ್ರಿ" ಎಂದು ಅಜ್ಜಿ ಸಮಾಧಾನದಿಂದ ಎತ್ತಿಕೊಂಡು ಹೋದರು.

ಅಂಗಿ ಬಿಚ್ಚಿಟ್ಟವರು

ಪಕ್ಕದ ಶೆಡ್ಡಿನ ಮೇಲ್ವಿಚಾರಕರು ಬಹಳ ಕಟ್ಟುನಿಟ್ಟಿನ ಮನುಷ್ಯ. ಬೆಳಿಗ್ಗೆ ಬಂದವರನ್ನೂ ಎಣಿಸುತ್ತಾರೆ, ಊಟ ಮಾಡಿ ಎದ್ದವರನ್ನೂ ಎಣಿಸುತ್ತಾರೆ. ತಮ್ಮಲ್ಲಿರುವ ಸಣ್ಣ ಗುಪ್ಪಿ ಮೀನುಗಳ ತೊಟ್ಟಿಗೆ ಯಾರಿಗೂ ತಂಟೆ ಮಾಡದ ಜೀವ ಏನಾದರೂ ಕೊಡಿ ಎಂದರು. ಕಡ್ಡಿಯಷ್ಟು ಸಣ್ಣ ಕೆಂಪು ಸೀಗಡಿ ಆರು ಕೊಟ್ಟೆ.

ಹದಿನೈದು ದಿನಕ್ಕೆ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದು ಟೇಬಲ್ಲಿನ ಮೇಲೆ ಇಟ್ಟರು. "ನಿಮ್ಮ ಮಾಲು ಡ್ಯಾಮೇಜ್ ಐತ್ರಿ. ಒಂದು ಸತ್ತೈತಿ."

ನೋಡಿದರೆ ಸೀಗಡಿಯ ಬರೀ ಪೊರೆ. ಒಳಗೆ ಏನೂ ಇರಲಿಲ್ಲ. "ಸತ್ತಿಲ್ಲ ಸಾರ್. ಮೈ ಬೆಳೆದಾಗ ಹಳೇ ಅಂಗಿ ಬಿಚ್ಚಿಟ್ಟು ಹೊಸದು ತೊಟ್ಟುಕೊಳ್ಳುತ್ತೆ."

"ಸುಳ್ಳು ಹೇಳಬ್ಯಾಡ್ರಿ. ನಾನು ಎಣಿಸೀನಿ, ಐದೇ ಅದಾವ."

"ಹೊಸ ಚರ್ಮ ಮೆತ್ತಗಿರುತ್ತೆ. ಯಾರಾದರೂ ಕಚ್ಚಿಯಾರೆಂದು ಗಿಡದ ಸಂದಿಯಲ್ಲಿ ಎರಡು ದಿನ ಅಡಗಿ ಕೂತಿರುತ್ತೆ. ಆಮೇಲೆ ತಾನೇ ಬರುತ್ತೆ."

ಅವರ ಹಿಂದೆಯೇ ಬಂದು ನಿಂತಿದ್ದ ಶೆಡ್ಡಿನ ನಾಲ್ವರು ಹೆಣ್ಣುಮಕ್ಕಳು ಇದನ್ನೆಲ್ಲ ಕೇಳಿಸಿಕೊಂಡರು. ಅವರಲ್ಲಿ ಹಿರಿಯಾಕೆ ಬಾಯಿ ತೆರೆದಳು: "ಸಾರ್, ಹೊಸ ಬಟ್ಟಿ ಹಾಕ್ಕೊಂಡ್ರ ಎರಡು ದಿನ ರಜಾ ಅಂತ ಸೀಗಡಿಗೂ ಗೊತ್ತೈತಿ. ಈ ದೀಪಾವಳಿಗೆ ನಮಗ ಎಷ್ಟು ದಿನ ಕೊಡ್ತೀರಿ?"

ಆವತ್ತಿನಿಂದ ಆ ಮನುಷ್ಯ ಸೀಗಡಿಯ ವಿಷಯ ಎತ್ತಿಲ್ಲ.

ಅಕ್ಕನ ಸಾಕಾಣಿಕೆ

ಮಡಕಶಿರಾ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕ ರೇಷ್ಮೆ ಹುಳು ಸಾಕುತ್ತಾಳೆ. ಅವಳು ಸಾಕಿದ ಹುಳು ಕೆಟ್ಟದ್ದು ನಾನು ಕಂಡಿಲ್ಲ. ಊರಿಗೆ ಹೋದಾಗ ಒಂದು ಸಣ್ಣ ತೊಟ್ಟಿ, ನಾಲ್ಕು ಗುಪ್ಪಿ, ಪಾಚಿ ತಿನ್ನಲಿ ಎಂದು ಎರಡು ಬಸವನಹುಳು ಕೊಟ್ಟು ಬಂದೆ. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು.

"ತಮ್ಮಾ, ನಿನ್ ಬಸವನಹುಳ ಗಾಜಿನ ಮೇಲೆ ಲೋಳೆಲೋಳೆ ಮೊಟ್ಟೆ ಇಕ್ಕೈತೆ ಕಣೋ."

"ಅದನ್ನು ಕೆರೆದು ಬಿಸಾಕಕ್ಕ. ಇಲ್ಲದಿದ್ರೆ ತೊಟ್ಟಿ ತುಂಬಿಹೋಗ್ತವೆ."

"ಬಾಯ್ ಮುಚ್ಚು! ಹುಳ ಸಾಕೋ ಮನೇಲಿ ಹುಟ್ಟಿ ಮೊಟ್ಟೆ ಬಿಸಾಕು ಅಂತೀಯಲ್ಲ, ನಾಲಿಗೆ ಎಂಗೆ ಬಂತೋ ನಿಂಗೆ?"

ಆಮೇಲೆ ಅವಳು ಮಾಡಿದ್ದು ನನಗೆ ಭಾವನಿಂದ ತಿಳಿಯಿತು. ರೇಷ್ಮೆ ಹುಳುವಿನ ಮನೆಗೆ ಮಾಡುವಂತೆಯೇ ತೊಟ್ಟಿಯಿದ್ದ ಕೋಣೆಯ ಹೊಸ್ತಿಲಿಗೆ ಸುಣ್ಣದ ಪುಡಿ ಬಿತ್ತು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಬೀಡಿಯ ವಾಸನೆ ಹುಳಕ್ಕೆ ಆಗದೆಂದು ಭಾವ ಬೀಡಿ ಸೇದಲು ಹುಣಸೇಮರದ ಹತ್ತಿರ ಹೋಗಬೇಕಾಯಿತು. ಮರಿ ಹುಳುಗಳಿಗೆ ಹಾಕುವ ಹಾಗೆಯೇ ಹಿಪ್ಪುನೇರಳೆಯ ಕುಡಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ದಿನಕ್ಕೆ ನಾಲ್ಕು ಸಲ ನೀರಿಗೆ ಉದುರಿಸಿದಳು. ಬಸವನಹುಳುಗಳಿಗೆ ಇಂಥ ಬಾಣಂತನ ಎಲ್ಲಿಯೂ ಆಗಿರಲಿಕ್ಕಿಲ್ಲ. ಒಂದೂ ಸಾಯಲಿಲ್ಲ.

ತಿಂಗಳ ಮೇಲೆ ಮತ್ತೆ ಫೋನ್. ಅಕ್ಕನ ದನಿಯಲ್ಲಿ ಚಿಂತೆಯಿತ್ತು. "ಎಲ್ಲಾ ದಷ್ಟಪುಷ್ಟವಾಗವೆ ಕಣೋ. ಆದ್ರೆ ಒಂದೂ ಜ್ವರಕ್ಕೆ ಕೂತ್ಕಂಡಿಲ್ಲ."

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಆದ ಮೇಲೆಯೇ ಹುಳು ಗೂಡು ಕಟ್ಟುವುದು.

"ಅಕ್ಕ, ಅವು ಗೂಡು ಕಟ್ಟೋ ಹುಳ ಅಲ್ಲ. ಬೆನ್ನ ಮೇಲೆ ಗೂಡು ಹೊತ್ಕೊಂಡೇ ಹುಟ್ಟಿರೋವು."

ಅಕ್ಕ ಗುಡುಗಿದಳು: "ಹುಟ್ಟುವಾಗ್ಲೇ ಗೂಡು ಕಟ್ಕಂಡು ಬಂದಿದ್ರೆ ಇಷ್ಟು ದಿನ ನನ್ ಕೈಲಿ ಸೊಪ್ಪು ಯಾಕೋ ಹಾಕ್ಸಿದೆ?"

ಗುಮ್ಮಘಟ್ಟದ ಆಟೊ

ಗುಮ್ಮಘಟ್ಟಕ್ಕೆ ಹೋಗುವ ಶೇರ್ ಆಟೊ ನನ್ನ ಅಂಗಡಿಯ ಎದುರಿಗೇ ನಿಲ್ಲುತ್ತದೆ. ಆಟೊ ತುಂಬುವ ತನಕ ಕುರಿ ಸಾಕುವ ಒಬ್ಬ ಅಜ್ಜ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಆಗ ನನ್ನ ಗುಪ್ಪಿಗಳು ದಿನಕ್ಕೊಂದರಂತೆ ಸಾಯುತ್ತಿದ್ದವು. ನೀರು ಬದಲಾಯಿಸಿದೆ, ಉಪ್ಪು ಹಾಕಿದೆ, ಔಷಧಿ ಹಾಕಿದೆ. ಕಾರಣ ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ನನಗೆ ಅಳು ಬರುವಂತಾಗಿತ್ತು.

ಅಜ್ಜ ಕಂಬಳಿ ಹೆಗಲಿಗೆ ಏರಿಸಿ ತೊಟ್ಟಿಯನ್ನೇ ನೋಡಿದರು. "ನಿಮ್ಮ ಹಿಂಡಿನ್ಯಾಗ ಟಗರು ಬಾಳ ಆಗ್ಯಾವ್ರಿ."

"ಏನಂದ್ರಿ?"

"ಬಣ್ಣದ ಬಾಲದವು ಗಂಡಲ್ಲೇನು? ಹೆಣ್ಣನ್ನ ಮೇಯಾಕ ಬಿಡವಲ್ಲವು, ಅಟ್ಟಿಸಿಗೊಂಡು ತಿರಗ್ತಾವ. ದಣದು ದಣದು ಸಾಯ್ತಾವ ಪಾಪ. ಮೂರು ಹೆಣ್ಣಿಗೆ ಒಂದು ಗಂಡು ಬಿಡ್ರಿ ಸಾಕು."

ಹಾಗೆಯೇ ಮಾಡಿದೆ. ಸಾಯುವುದು ನಿಂತಿತು. ನನ್ನ ಅಂಗಡಿಗೆ ಬರುವ ತನಕ ಅಜ್ಜ ಗಾಜಿನೊಳಗೆ ಮೀನು ಕಂಡವರೇ ಅಲ್ಲ. ಗಾಜಿಗೆ ಮೂಗು ಒತ್ತಿ ಕಲಿತ ನನ್ನ ವಿದ್ಯೆಯ ಬಗ್ಗೆ ನನಗೆ ನಾಚಿಕೆಯಾಯಿತು.

ಸುದ್ದಿ ಸಾಲಿನಲ್ಲೆಲ್ಲ ಹಬ್ಬಿತು. ಒಂದು ದಿನ ಒಬ್ಬರು ಟೀಚರ್ ಬಂದು ಪಟ್ಟೆಪಟ್ಟೆಯ ಟೈಗರ್ ಬಾರ್ಬ್ ಮೀನು ತೋರಿಸಿ, ಇದನ್ನು ಉದ್ದ ರೆಕ್ಕೆಯ ಏಂಜೆಲ್ ಮೀನಿನ ಜೊತೆ ಬಿಡಬಹುದೇ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡುವಷ್ಟರಲ್ಲಿ, "ನೀವು ಸ್ವಲ್ಪ ಸುಮ್ಮನಿರ್ರಿ, ಅಜ್ಜಾರು ಹೇಳ್ಲಿ" ಎಂದರು.

ಅಜ್ಜ ಬೆಂಚಿನಿಂದ ಏಳದೆಯೇ ಹೇಳಿದರು: "ಆ ಪಟ್ಟಿದು ಹಾಯೋ ಜಾತಿ. ಬ್ಯಾಡ್ರಿ."

ಟೀಚರ್ ಅಜ್ಜನಿಗೆ ಕೈಮುಗಿದು, ಸಾಧು ಮೀನುಗಳನ್ನೇ ಕೈತುಂಬ ಕೊಂಡು ಹೋದರು. ಆವತ್ತಿನಿಂದ ಗುಮ್ಮಘಟ್ಟದ ಆಟೊ ಬೇಗ ತುಂಬದಿರಲಿ ಎಂದು ದಿನಾ ದೇವರಿಗೆ ಊದುಬತ್ತಿ ಹಚ್ಚುತ್ತೇನೆ.

ಸ್ಯಾಂಪಲ್

ದಸರಾಕ್ಕೆ ಎರಡು ವಾರವಿತ್ತು. ಅಂಗಡಿ ನಿಂತಿತೋ ಇಲ್ಲವೋ ಎಂದು ಹೇಳಲಾಗದ ಸ್ಥಿತಿ. ಬಳ್ಳಾರಿಯಿಂದ ದೊಡ್ಡ ಗಿರಾಕಿಯೊಬ್ಬರು ಆರ್ಡರ್ ಕೊಡಲು ಬರುತ್ತಾರೆಂದು ಬಾಮೈದ ತನ್ನ ಶೆಡ್ಡಿನ ಮುಂದಿನ ಕೋಣೆಗೆ ಒಂದು ತೊಟ್ಟಿ ಕೇಳಿದ. ಹೆಂಡತಿ ಅಲ್ಲೇ ತೀರ್ಮಾನ ಕೊಟ್ಟಳು: "ಇದೇ ನಿಮ್ಮ ಪರೀಕ್ಷಾ. ಈ ತೊಟ್ಟ್ಯಾಗ ದಸರಾ ತನಕ ಒಂದು ಮೀನೂ ಸಾಯಲಿಲ್ಲಂದ್ರ ಅಂಗಡಿ ನಿಂತಂಗ."

ಬಾಮೈದನ ಆಸೆಯೇ ಬೇರೆ. "ಭಾವಾ, ನಿಮ್ಮ ಅಂಗಡ್ಯಾಗ ಎಷ್ಟು ಥರ ಅದಾವೋ ಎಲ್ಲಾ ಒಂದೊಂದು ಹಾಕ್ರಿ."

"ಒಂದೊಂದೇ ಹಾಕಿದರೆ ಬಾಳಲ್ಲಪ್ಪ. ಈ ನಿಯಾನ್ ನೋಡು, ಜೊತೆಗೆ ಹತ್ತು ಜನ ಇಲ್ಲದಿದ್ದರೆ ಹೆದರಿಕೊಂಡೇ ಸಾಯುತ್ತೆ."

"ಹತ್ತೂ ಒಂದೇ ಥರ ಇದ್ರ ಗಿರಾಕಿ ಏನು ನೋಡ್ಬೇಕು? ನಾವು ಬೂಟ್‌ಕಟ್ ಒಂದು, ಪೆನ್ಸಿಲ್ ಒಂದು, ಬ್ಯಾಗಿ ಒಂದು ನೇತು ಹಾಕಂಗಿಲ್ಲೇನು? ಸ್ಯಾಂಪಲ್ ಅಂದ್ರ ಹಂಗ."

ನಾನು ಬಗ್ಗಲಿಲ್ಲ. ನೀಲಿ ಗೆರೆಯ ನಿಯಾನ್ ಹತ್ತು, ತಳ ಕೆದಕಿಕೊಂಡಿರುವ ಸಣ್ಣ ಮೀಸೆ ಮೀನು ನಾಲ್ಕು, ಸೀಗಡಿ ಆರು, ನಮ್ಮಕ್ಕ ಬುಟ್ಟಿಯಲ್ಲಿ ವಾಪಸ್ ಕಳಿಸಿದ್ದರಲ್ಲಿ ಎರಡು ಬಸವನಹುಳು. ತೊಟ್ಟಿ ಎಷ್ಟು ಚೆನ್ನಾಗಿ ನಡೆಯಿತೆಂದರೆ ಚಹಾದ ಹೊತ್ತಿಗೆ ಶೆಡ್ಡಿನವರೆಲ್ಲ ಅದರ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಗಿರಾಕಿ ಬಂದ ದಿನ ನಾನೂ ಹೋದೆ. ಹಣೆಯ ಮೇಲೆ ಲಾಡು ಅಂಟಿಸಿದಂತೆ ಗುಬುಟಿರುವ, ಅಂಗೈಗಿಂತ ದೊಡ್ಡ ಕೆಂಪು ಮೀನೊಂದು ತೊಟ್ಟಿಯ ನಡುವೆ ನಿಂತು ಸುತ್ತ ನೋಡುತ್ತಿತ್ತು.

"ಫ್ಲವರ್ ಹಾರ್ನ್ ಭಾವಾ" ಎಂದು ಬಾಮೈದ ಕಿವಿಯಲ್ಲಿ ಉಸುರಿದ. "ಅದೃಷ್ಟದ ಮೀನಂತ. ಮುಂಜಾನೆ ಬಳ್ಳಾರಿಯಿಂದ ತರಿಸಿ ಈಗ ಬಿಟ್ಟೆ."

ಬಲೆ ಹಾಕೋಣವೆಂದರೆ ಗಿರಾಕಿ ಆಗಲೇ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅವರು ಮೊದಲ ಗುಟುಕು ಕುಡಿಯುವಷ್ಟರಲ್ಲಿ ಅದೃಷ್ಟವೂ ಮೊದಲ ನಿಯಾನ್ ನುಂಗಿತು. ಬಾಮೈದ ತೊಟ್ಟಿಗೆ ಅಡ್ಡ ನಿಂತು ಪ್ಯಾಂಟೊಂದನ್ನು ಬಿಡಿಸಿದ. "ಹೊಲಿಗಿ ನೋಡ್ರಿ ಸಾವಕಾರ್ರ."

"ಸ್ವಲ್ಪ ಸರೀರಿ. ಆಗ ಹತ್ತಿದ್ದವಲ್ಲ, ಈಗ ಎಂಟೇ ಕಾಣ್ತಾವ?"

"ಅಲ್ಲೇ ಎಲ್ಲೋ ಗಿಡದ ಹಿಂದ ಇರ್ತಾವ್ರಿ. ಈ ಜೇಬು ನೋಡ್ರಿ, ಡಬಲ್ ಹೊಲಿಗಿ..."

"ತಡೀರಿ, ತಡೀರಿ! ಇನ್ನೊಂದು ಹೋತು!"

ಗಿರಾಕಿ ಚಹಾ ಕೆಳಗಿಟ್ಟು ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅವರು ಒಂದು ಪ್ಯಾಂಟನ್ನೂ ನೋಡಲಿಲ್ಲ. ಹತ್ತನೆಯದು ಮುಗಿದಾಗ ತೊಡೆ ತಟ್ಟಿ ನಕ್ಕರು. ಇಷ್ಟು ಶೆಡ್ಡು ಸುತ್ತಿದ್ದೇನೆ, ಎಲ್ಲಿಯೂ ಹೊತ್ತು ಹೋದದ್ದೇ ತಿಳಿಯದ ಹಾಗೆ ಆಗಿರಲಿಲ್ಲ ಎಂದು ಹೇಳಿ, ಆರ್ಡರ್ ಬರೆದುಕೊಟ್ಟು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, "ಮುಂದಿನ ಸಲ ನಾನು ಬಂದ ಮ್ಯಾಲೇ ಬಿಡ್ರಿ, ಮೊದಲಿಂದ ನೋಡ್ತೀನಿ" ಎಂದರು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಬಾಮೈದ ನನ್ನ ಕಡೆ ತಿರುಗಿದ. "ಭಾವಾ, ಮಾತಂದ್ರ ಮಾತು. ಮೀನು ಹೋದವು. ಸೋಮವಾರದಿಂದ ದಾರ ಕತ್ತರಿಸಾಕ ಬರ್ರಿ."

"ತಿಂದದ್ದು ನಿನ್ನ ಮೀನು ಕಣೋ!"

"ತೊಟ್ಟಿ ನಿಮ್ಮದು!"

"ಮೂಗು ಒರೆಸಿದ್ದು ಮರೆತೆಯಾ?"

"ಯಾವಾಗಿನ ಮೂಗು ಎತ್ತತೀರಿ ಭಾವಾ?"

ಇಬ್ಬರೂ ಒಬ್ಬರ ಮುಖಕ್ಕೆ ಒಬ್ಬರು ಮುಖ ತಂದು ಕೂಗಾಡಿದೆವು. ಒಳಗೆ ಮಷಿನ್ನುಗಳು ಒಂದೊಂದಾಗಿ ನಿಂತವು. ಹೆಂಡತಿ ಎದ್ದು ಬಂದಳು. ತೊಟ್ಟಿಗೆ ಬಗ್ಗಿ ನೋಡಿದಳು. ಹೊಟ್ಟೆ ಊದಿಸಿಕೊಂಡ ಕೆಂಪು ಮೀನು, ಕಲ್ಲಿನ ಸಂದಿಯಲ್ಲಿ ಹೆದರಿ ಕೂತ ಮೀಸೆ ಮೀನುಗಳು, ಸೀಗಡಿಗಳು, ಯಾವುದರ ಗೊಡವೆಯೂ ಇಲ್ಲದೆ ಗಾಜು ಒರೆಸುತ್ತಿದ್ದ ಎರಡು ಬಸವನಹುಳು. ಆಮೇಲೆ ತಮ್ಮನನ್ನು ನೋಡಿದಳು. ನನ್ನನ್ನು ನೋಡಿದಳು.

"ನೀವು ನಿಮ್ಮ ಅಂಗಡಿಗೇ ಹೋಗ್ರಿ. ಶೆಡ್ಡಿಗೆ ಬರೂದು ಬ್ಯಾಡ" ಎಂದಳು.

ಬಾಮೈದ ಅವಳಿಗೆ ಅಡ್ಡ ಬಂದ. "ಯಾಕಕ್ಕ? ಅವರು ಸೋತಾರ!"

"ನಿಮ್ಮಿಬ್ಬರನ್ನ ಒಂದೇ ಶೆಡ್ಡಿನ್ಯಾಗ ಬಿಟ್ರ ಹಬ್ಬದ ತನಕ ಒಬ್ಬರೇ ಉಳಿಯೋದು."

"ಯಾರು?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.

"ನಾನು" ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು ಮಷಿನ್ನಿಗೆ ಹೋಗಿ ಕೂತಳು.