ಎರಡನೆಯ ವೈರು

ರಟ್ಟಿನ ಯಜಮಾನರಿಗೆ ಜೋತಾಡುವ ತುದಿ ಕಂಡರೆ ಆಗುತ್ತಿರಲಿಲ್ಲ. ನಲವತ್ತೊಂದು ವರ್ಷ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸಿದ ಕೈ ಅದು. ಅಂಗಡಿ ಮುಚ್ಚಿ ಮೂರು ವರ್ಷವಾಗಿದ್ದರೂ ಆ ಸುದ್ದಿ ಕೈಗೆ ಇನ್ನೂ ಮುಟ್ಟಿರಲಿಲ್ಲ. ಪರದೆಯ ನೂಲು ಜೋತರೆ ಗಂಟು, ಚೀಲದ ಹಿಡಿ ಸಡಿಲವಾದರೆ ಹೊಲಿಗೆ, ಹಾಲಿನ ಲೆಕ್ಕದ ಚೀಟಿ ಹರಿದರೆ ಅದಕ್ಕೂ ರಟ್ಟು. (ಅವರ ಹೆಂಡತಿ ಒಂದೇ ಕಡೆ ಐದು ನಿಮಿಷ ಕದಲದೆ ಕೂರುವುದಕ್ಕೆ ಹೆದರುತ್ತಿದ್ದುದು ಇದೇ ಕಾರಣಕ್ಕೆ.)

ಅವರದೊಂದು ಶಾಸ್ತ್ರವಿತ್ತು. ಹೊರಟ ದಾರ ಹೊರಟಲ್ಲಿಗೇ ತಿರುಗಿ ಬಂದು ಗಂಟು ಬೀಳಬೇಕು. ಹೋಗಿ ಅಲ್ಲೇ ನಿಂತ ದಾರ ಇವತ್ತಲ್ಲ ನಾಳೆ ಕೈಕೊಡುತ್ತದೆ, ಹಾಳೆಗಳು ಉದುರುತ್ತವೆ. ಇದು ಪುಸ್ತಕದ ಮಟ್ಟಿಗೆ ಅಪ್ಪಟ ಸತ್ಯ. ಆದರೆ ಯಜಮಾನರಿಗೆ ಜಗತ್ತೆಲ್ಲ ಪುಸ್ತಕವೇ.

ಮನೆಯ ವೈಫೈ ಡಬ್ಬಿ ನಡುಮನೆಯ ಕಪಾಟಿನ ಮೇಲೆ ವಿರಾಜಮಾನವಾಗಿತ್ತು. ಅದರ ಕೃಪಾಕಟಾಕ್ಷ ನಡುಮನೆ, ಅಡುಗೆಮನೆ ಎಲ್ಲ ಸುತ್ತಿ, ಮಹಡಿ ಹತ್ತಲು ಹೋಗಿ, ಏಳನೆಯ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ ಕೂತುಬಿಡುತ್ತಿತ್ತು. ಮಹಡಿಯ ಕೋಣೆಯಲ್ಲಿ ಫೋನಿಗೆ ಮಾತು ಬರುತ್ತಿತ್ತು, ಚಿತ್ರ ಮಾತ್ರ ಸುತ್ತುತ್ತಲೇ ಇರುತ್ತಿತ್ತು. ಹಾಗಾಗಿ ಸೊಸೆಗೆ ಆ ಏಳನೆಯ ಮೆಟ್ಟಿಲೇ ಆಫೀಸು.

ಸೊಸೆ ವಿಜ್ಞಾನದ ಟೀಚರು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಹೇಳುವ ಕೆಲಸಕ್ಕೆ ದೊಡ್ಡ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದಳು. ಪರೀಕ್ಷಕರ ಮುಂದೆ ಮೊದಲ ಸಲ ಪಾಠ ಮಾಡಿದ್ದು ಆ ಮೆಟ್ಟಿಲ ಮೇಲೆಯೇ. ಗಾಳಿಯ ಒತ್ತಡ ವಿವರಿಸುತ್ತಿದ್ದಾಗ ಬೆನ್ನ ಹಿಂದೆ ಮಾವನವರು ಟವೆಲ್ ಸುತ್ತಿಕೊಂಡು, ಬಕೆಟ್ ಹಿಡಿದು ಇಳಿದುಬಂದರು. ಮರಳಿ ಹತ್ತುವಾಗ, ಮೊದಲ ಸಲ ಮಾತಾಡಿಸದೆ ಹೋದದ್ದು ಮರ್ಯಾದೆಯಲ್ಲವೆನಿಸಿ, ಪರೀಕ್ಷಕರಿಗೆ ನಮಸ್ಕಾರವನ್ನೂ ಮಾಡಿದರು. ಶಾಲೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಟ್ಟರು. ಶನಿವಾರ ಹನ್ನೊಂದಕ್ಕೆ, ಮೂವರು ಪರೀಕ್ಷಕರು, ಮಕ್ಕಳು ಎದುರಿಗಿದ್ದಾರೆಂದುಕೊಂಡು ಪಾಠ ಮಾಡಬೇಕು. ಪ್ರತ್ಯೇಕ ಕೋಣೆ ಇರಲಿ, ಇದೇ ಕೊನೆ ಅವಕಾಶ ಎಂದು ಬರೆದಿದ್ದರು.

ವೈಫೈಯವರನ್ನು ಕರೆಸೋಣ ಎಂದಳು ಸೊಸೆ. ಟವೆಲ್ಲಿನ ಅಪರಾಧ ಯಜಮಾನರನ್ನು ಒಳಗೇ ಕೊರೆಯುತ್ತಿತ್ತು. ಅದನ್ನು ತೊಳೆದುಕೊಳ್ಳಲು ಇದೇ ಸಮಯ ಅನ್ನಿಸಿತು.

"ಹೊರಗಿನವರು ಯಾಕಮ್ಮಾ? ಸಾವಿರದಿನ್ನೂರು ಪುಟದ ನಿಘಂಟು ಹೊಲಿದವನು ನಾನು. ಒಂದು ಡಬ್ಬಿಗೆ ಇನ್ನೊಂದು ಡಬ್ಬಿ ಹೊಲಿಯೋಕಾಗಲ್ವಾ?"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಸೂರು ನೋಡಿದರು.

ಎಲೆಕ್ಟ್ರಿಕ್ ಅಂಗಡಿಯವನು ಮಾತ್ರ ಬಹಳ ಒಳ್ಳೆಯವನು. ಹೊಸ ಡಬ್ಬಿಯನ್ನು ಅಂಗಡಿಯಲ್ಲೇ ಸಿದ್ಧಮಾಡಿ, ಬಿಡಿಸಿ ಹೇಳಿ ಕೊಟ್ಟ. ಹಳೆಯ ಡಬ್ಬಿ ಅತ್ತೆಯಿದ್ದ ಹಾಗೆ, ಮನೆಗೆ ಬಂದ ಫೋನು, ಕಂಪ್ಯೂಟರಿಗೆಲ್ಲ ಮಣೆ ಹಾಕಿ ನಂಬರು ಕೊಡುವ ಅಧಿಕಾರ ಅದರದೇ. ಹೊಸದು ಬರೀ ಬಡಿಸುವ ಸೊಸೆ. ಇಬ್ಬರೂ ನಂಬರು ಹಂಚಲು ಹೋದರೆ ಸಂಸಾರ ಕೆಡುತ್ತದೆ. ಅದಕ್ಕೇ ಹೊಸದರ ಆ ಅಧಿಕಾರ ಕಿತ್ತಿದ್ದೇನೆ, ಅತ್ತೆಯಿಂದ ಸೊಸೆಗೆ ಒಂದು ವೈರು ಎಳೆದರೆ ಮುಗಿಯಿತು ಅಂದ. ಯಜಮಾನರು ತಲೆಯಾಡಿಸಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ವೈರು ತಂದರು.

ಶುಕ್ರವಾರ ಸಂಜೆಗೆ ಕೆಲಸ ಮುಗಿಯಿತು. ಕಪಾಟಿನಿಂದ ಹೊರಟ ವೈರು ಗೋಡೆಯ ಮೂಲೆ ಹಿಡಿದು, ಮೆಟ್ಟಿಲ ಬದಿಯಲ್ಲಿ ಹತ್ತಿ, ಮಹಡಿಯ ಕೋಣೆಯ ಮೇಜಿನ ಕೆಳಗಿದ್ದ ಹೊಸ ಡಬ್ಬಿಗೆ ಸೇರಿತು. ಉದ್ದಕ್ಕೂ ಗೇಣಿಗೊಂದು ಬಟ್ಟೆಪಟ್ಟಿ, ಅಂಟು, ಗಂಟು. ಸೊಸೆ ಮೇಲೆ ಹೋಗಿ ಕಂಪ್ಯೂಟರು ತೆರೆದರೆ ಚಿತ್ರ ನೀರು ಹರಿದ ಹಾಗೆ ಬಂತು. ಮಾವನ ಕೈಹಿಡಿದು "ಬದುಕಿಸಿದ್ರಿ ಮಾವ" ಅಂದಳು. ಯಜಮಾನರು ಆ ರಾತ್ರಿ ಒಂದು ತುತ್ತು ಹೆಚ್ಚಿಗೆ ಉಂಡರು.

ಅಲ್ಲಿಗೇ ಬಿಟ್ಟಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಇರಲಿಲ್ಲ.

ಬೆಳಗ್ಗೆ ಕಾಫಿ ಲೋಟ ಹಿಡಿದು ತಮ್ಮ ಕೈಕೆಲಸ ನೋಡುತ್ತ ನಿಂತರು. ವೈರು ಮೇಲೆ ಹೋಗಿದೆ. ಹೋಗಿ ಅಲ್ಲೇ ನಿಂತಿದೆ. ತಿರುಗಿ ಬಂದಿಲ್ಲ. ಲೋಟ ಕೆಳಗಿಟ್ಟರು. ಇಷ್ಟು ದೊಡ್ಡ ಪಾಠ ಇಂಥ ಒಂಟಿ ದಾರದ ಮೇಲೆ ನಡೆಯುವುದೇ? ನಡುವೆ ಸಡಿಲಿದರೆ ಯಾರು ಹೊಣೆ? ಸೊಸೆ ಸ್ನಾನಕ್ಕೆ ಹೋಗಿದ್ದಳು, ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. ಯಜಮಾನರು ಎರಡನೆಯ ವೈರು ತೆಗೆದು, ಹೊಸ ಡಬ್ಬಿಯ ಇನ್ನೊಂದು ತೂತಿನಿಂದ ಹೊರಡಿಸಿ, ಮೊದಲನೆಯದರ ಪಕ್ಕದಲ್ಲೇ ಇಳಿಸಿ, ಹಳೆಯ ಡಬ್ಬಿಗೆ ಮರಳಿ ತಂದು ಸಿಕ್ಕಿಸಿದರು. ಎರಡೂ ತುದಿಗೆ ಅಂಟು ಬಳಿದು ಪಟ್ಟಿ ಸುತ್ತಿದರು. ಎರಡೂ ಡಬ್ಬಿಗಳ ದೀಪಗಳು ಹುಚ್ಚು ಹಿಡಿದಂತೆ ಪಟಪಟನೆ ಮಿಟುಕತೊಡಗಿದವು. ಯಜಮಾನರು, ಆಹಾ, ಈಗ ಬಂತು ನೋಡು ಕಸುವು, ಎಂದುಕೊಂಡರು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಸೊಸೆ ಕಂಪ್ಯೂಟರಿನ ಮುಂದೆ ಕೂತಳು. ಚಿತ್ರವಿಲ್ಲ. ಏಳನೆಯ ಮೆಟ್ಟಿಲಿಗೆ ಓಡಿದಳು, ಅಲ್ಲೂ ಇಲ್ಲ. ನಡುಮನೆಯಲ್ಲಿ, ಹಳೆಯ ಡಬ್ಬಿಯ ಬುಡದಲ್ಲೇ ನಿಂತರೂ ಇಲ್ಲ. ಮತ್ತೆ ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕುಸಿದಳು. ಅತ್ತುಬಿಟ್ಟಿದ್ದರೆ ಯಜಮಾನರಿಗೆ ಸಮಾಧಾನ ಹೇಳಲು ಬರುತ್ತಿತ್ತು. ಅವಳು ಅಳಲಿಲ್ಲ, ಸುಮ್ಮನೆ ಗಡಿಯಾರ ನೋಡುತ್ತಿದ್ದಳು. ಅದನ್ನು ನೋಡಲಾಗದೆ ಅವರು ಮೇಜಿನ ಕೆಳಗೆ ತೂರಿದರು.

ಹಿಂದೆಯೇ ಮಹಡಿ ಹತ್ತಿ ಬಂದ ಹೆಂಡತಿ ಅಂಗಡಿಯವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಅವನು ಎಷ್ಟು ವೈರು ಹಾಕಿದ್ದೀರಿ ಎಂದು ಕೇಳಿದ. ಮೇಜಿನ ಕೆಳಗಿನಿಂದ ಯಜಮಾನರು, ಎರಡು, ಭದ್ರವಾಗಿದೆ ಎಂದರು. ಅವನು ಬಲು ಮೆತ್ತಗೆ, ಒಂದನ್ನು ಕೀಳಿ ಅಜ್ಜಾ ಅಂದ.

ಕೀಳುವುದು ಹೇಗೆ? ನಿಘಂಟಿನ ಬೆನ್ನಿನ ಹಾಗೆ ಕೂತಿತ್ತು ಅಂಟು. ಯಜಮಾನರು ಉಗುರು ಹಾಕಿದರು, ಹಲ್ಲು ಹಾಕಿದರು, ಕದಲಲಿಲ್ಲ. ಹೆಂಡತಿ ಕೆಳಗಿಳಿದು ಹೋಗಿ ಅವರದೇ ರಟ್ಟು ಕೊಯ್ಯುವ ಚಾಕು ತಂದರು.

"ಹೊಲಿಗೆ ಬಿಚ್ಚಬೇಕು ಕಣೇ, ಕೊಯ್ಯಬಾರದು. ಹತ್ತು ನಿಮಿಷ ಕೊಡು."

"ಹತ್ತು ನಿಮಿಷ ಕೊಡಬೇಕಾದವರು ಆ ಶಾಲೆಯವರು ರೀ. ನನ್ನ ಹತ್ತಿರ ಎಲ್ಲಿದೆ?"

ಮೊಣಕಾಲೂರಿ ಕೂತು, ಗಂಡನ ಮೂಗಿನ ಮುಂದೆಯೇ ಎರಡನೆಯ ವೈರನ್ನು ಸೋರೆಕಾಯಿ ಹೆಚ್ಚುವ ಹಾಗೆ ಕತ್ತರಿಸಿದರು. ದೀಪಗಳು ಒಮ್ಮೆ ತಬ್ಬಿಬ್ಬಾಗಿ ನಿಂತು, ಆಮೇಲೆ ಊಟ ಮುಗಿಸಿದವರಂತೆ ನಿಧಾನವಾಗಿ ಮಿಟುಕಿದವು. ಹೆಂಡತಿ ತುಂಡು ಹಿಡಿದು ಬಾಗಿಲಾಚೆ ಸರಿದರೋ ಇಲ್ಲವೋ, ಪರದೆಯ ಮೇಲೆ ಮೂರು ಮುಖಗಳು ಮೂಡಿ ಶುಭೋದಯ ಎಂದವು.

ಯಜಮಾನರು ಇನ್ನೂ ಮೇಜಿನ ಕೆಳಗಿದ್ದರು. ಹೊರಬಂದರೆ ಮತ್ತೆ ಟವೆಲ್ಲಿನ ಪ್ರಕರಣವೇ. ಸೊಸೆಯ ಕಾಲು ಮೆಲ್ಲಗೆ ಅವರ ಭುಜ ಒತ್ತಿ, ಅಲ್ಲೇ ಇರಿ ಎಂದಿತು. ಇದ್ದರು. ಮೊಣಕಾಲು ಗಲ್ಲಕ್ಕೆ, ತಲೆ ಹಲಗೆಗೆ, ಮೀಸೆ ಅಂಟಿಗೆ.

ಮೇಲೆ ಪಾಠ ನಡೆಯಿತು. ಬ್ಯಾಟರಿ, ಪುಟ್ಟ ಬಲ್ಬು, ವೈರು ಇಟ್ಟುಕೊಂಡು ಸೊಸೆ ವಿದ್ಯುತ್ತಿನ ವಿಚಾರ ಹೇಳುತ್ತಿದ್ದಳು. ಎಷ್ಟು ಚೆನ್ನಾಗಿ ಹೇಳುತ್ತಾಳಪ್ಪಾ ಎಂದು ಕೆಳಗಿದ್ದವರಿಗೂ ಅನ್ನಿಸಿತು. ಆಗ ಅವಳೆಂದಳು:

"ಒಂದೇ ವೈರಿದ್ದರೆ ದೀಪ ಹತ್ತೋದಿಲ್ಲ ಮಕ್ಕಳೇ. ಹೋದ ಕರೆಂಟು ಹೊರಟಲ್ಲಿಗೇ ತಿರುಗಿ ಬರಬೇಕು. ಅದಕ್ಕೆ ಇನ್ನೊಂದು ವೈರು ಬೇಕೇ ಬೇಕು."

ಮನುಷ್ಯ ಎಷ್ಟೆಂದು ತಡೆದುಕೊಂಡಾನು?

"ನಾನು ಮಾಡಿದ್ದೂ ಅದೇ ಅಲ್ವೇನಮ್ಮಾ?" ಎಂದಿತು ಮೇಜು.

ಪರದೆಯ ಮೇಲಿನ ಮೂರು ಮುಖಗಳೂ ಮುಂದಕ್ಕೆ ಬಾಗಿದವು. ಬಾಗಿಲಾಚೆ ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಸೊಸೆ ಒಂದು ಗಳಿಗೆ ಕಣ್ಣು ಮುಚ್ಚಿ, ತೆರೆದು, ಕೆಳಗೆ ಬಗ್ಗಿದಳು. "ಹೊರಗೆ ಬನ್ನಿ ಮಾವ. ಪ್ರಶ್ನೆ ಚೆನ್ನಾಗಿದೆ, ಎಲ್ಲರಿಗೂ ಕೇಳೋ ಹಾಗೆ ಕೇಳಿ."

ಮೀಸೆಗೆ ಬಟ್ಟೆಪಟ್ಟಿ ಅಂಟಿಸಿಕೊಂಡು ಯಜಮಾನರು ಉದ್ಭವಿಸಿದರು. ಈ ಸಲ ನಮಸ್ಕಾರ ಮರೆತರು, ಅವರಿಗೆ ನ್ಯಾಯ ಬೇಕಿತ್ತು. ದೀಪಕ್ಕೆ ಎರಡು ವೈರು ಬೇಕಾದರೆ ಡಬ್ಬಿಗೆ ಯಾಕೆ ಬೇಡ ಎಂದು ಕೇಳಿದರು. ಆ ವೈರಿನ ಹೊಟ್ಟೆಯಲ್ಲೇ ಹೋಗುವುದಕ್ಕೆ, ಬರುವುದಕ್ಕೆ ಎಂಟು ಎಳೆಗಳಿವೆ ಎಂದಳು ಸೊಸೆ. ಯಜಮಾನರು ನಂಬಲಿಲ್ಲ. ಕತ್ತರಿಸಿದ ತುಂಡು ತರಿಸಿ, ಕನ್ನಡಕ ಏರಿಸಿ, ಪರೀಕ್ಷಕರ ಎದುರಿಗೇ ಎಣಿಸಿದರು. ಏಳು ಬಂತು. ಮತ್ತೆ ಎಣಿಸಿದರು, ಎಂಟು.

ಸರಿ, ಇನ್ನೊಂದು ಹಾಕಿದರೆ ಬಲ ಹೆಚ್ಚಬೇಕಲ್ಲ, ನಿಂತದ್ದೇಕೆ ಎಂದರು. ಹಳೆಯ ಡಬ್ಬಿ ಆಗಾಗ ಮನೆಗೆಲ್ಲ ಕೇಳುವಂತೆ ಕೂಗುತ್ತದೆ ಮಾವ, ಎಂದಳು ಸೊಸೆ. ಆ ಕೂಗು ಒಂದು ವೈರಿನಲ್ಲಿ ಮೇಲೆ ಹೋಗಿ, ಇನ್ನೊಂದರಲ್ಲಿ ಕೆಳಗೆ ಬಂದು, ಹಳೆಯ ಡಬ್ಬಿ ಅದನ್ನೇ ಹೊಸ ಸುದ್ದಿ ಎಂದುಕೊಂಡು ಮತ್ತೆ ಕೂಗಿ, ಸುತ್ತಿ ಸುತ್ತಿ ದಾರಿಯೆಲ್ಲ ಕೂಗಿನಿಂದಲೇ ತುಂಬಿಹೋಗುತ್ತದೆ. ಬೇರೆ ಮಾತು ನುಗ್ಗಲು ಜಾಗವೇ ಇರುವುದಿಲ್ಲ. ಇಷ್ಟು ಹೇಳಿದರೂ ಅವರಿಗೆ ಅನುಮಾನ. ಹಾಗಾದರೆ ಪುಸ್ತಕ? ಹಾಗಾದರೆ ಬಾವಿಯ ಹಗ್ಗ? ಸೊಸೆ ಒಂದಕ್ಕೂ ಬೇಸರಿಸದೆ, ಒಂದೊಂದಕ್ಕೂ ಬ್ಯಾಟರಿ ಎತ್ತಿ, ಬಲ್ಬು ಇಳಿಸಿ, ಬಿಡಿಸಿ ಹೇಳಿದಳು. ಇಪ್ಪತ್ತು ನಿಮಿಷವಾದ ಮೇಲೆ ಯಜಮಾನರು ಮೀಸೆಯ ಪಟ್ಟಿ ಕಿತ್ತು, ಹೂಂ, ಎಂದರು. ಪರೀಕ್ಷಕರು ತಿಳಿಸುತ್ತೇವೆ ಎಂದಷ್ಟೇ ಹೇಳಿ ಮಾಯವಾದರು.

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಚಮಚದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಎರಡನೆಯ ಸಲವೂ ತಾವೇ ಕೆಡಿಸಿದೆವೆಂದು ಯಜಮಾನರು ಯಾವ ದಾರವನ್ನೂ ಮುಟ್ಟಲಿಲ್ಲ. ಪರದೆಯ ನೂಲು ಜೋತಾಡುತ್ತಿದ್ದರೂ ಮುಖ ತಿರುಗಿಸಿಕೊಂಡು ಹೋದರು.

ಐದನೆಯ ದಿನ ಶಾಲೆಯ ಪತ್ರ ಬಂತು. ಕೆಲಸ ಸಿಕ್ಕಿತ್ತು. ಸೊಸೆ ಅತ್ತೆಯನ್ನು ತಬ್ಬಿಕೊಂಡಳು. ಯಜಮಾನರು ಪತ್ರ ಕಸಿದುಕೊಂಡು, ನಡುಮನೆಯ ಮಧ್ಯೆ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಓದಿದರು: "ತರಗತಿಯ ಅತ್ಯಂತ ಮಂದಬುದ್ಧಿಯ, ಹಟಮಾರಿ ವಿದ್ಯಾರ್ಥಿಯನ್ನೂ ಇವರು ನಗುಮುಖದಿಂದ, ಅಪಾರ ತಾಳ್ಮೆಯಿಂದ ದಡ ಮುಟ್ಟಿಸಿದ್ದನ್ನು ಕಂಡು ಸಮಿತಿಯು ಬೆರಗಾಗಿದೆ."

ಖುಷಿಗೆ ಎರಡನೆಯ ಸಲ ಓದಿದರು. ಮೂರನೆಯ ಸಲ ಓದುವಾಗ ದನಿ ಸ್ವಲ್ಪ ಇಳಿಯಿತು. ಪತ್ರ ಮಡಚಿ, ಕನ್ನಡಕ ತೆಗೆದು, ಹೆಂಡತಿಯ ಕಡೆ ತಿರುಗಿದರು.

"ಅಲ್ಲ ಕಣೇ, ಅವತ್ತು ಆ ತರಗತೀಲಿ ವಿದ್ಯಾರ್ಥಿಗಳು ಎಷ್ಟು ಜನ ಇದ್ರು?"

"ಒಬ್ಬರೇ ರೀ" ಅಂದರು ಹೆಂಡತಿ.